ಐವತ್ತೆಂಟು

"ಬೀಪ್ ಶಬ್ದ ನಿಲ್ಲುವವರೆಗೂ ಊದಬೇಕು ಸರ್. ನಡುವೆ ಬಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ" ಎಂದರು ಕಾನ್‌ಸ್ಟೆಬಲ್.

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ನಗು ಬಂತು. 26 ವರ್ಷಗಳಿಂದ ಸಹಕಾರ ಸಂಘಗಳ ಲೆಕ್ಕಪತ್ರ ತಪಾಸಣೆ ಮಾಡುತ್ತಿರುವವನು ನಾನು. ಹಾಲಿನ ಡೇರಿಯ ಕಾರ್ಯದರ್ಶಿಗಳು, ಪತ್ತಿನ ಸಂಘದ ಗುಮಾಸ್ತರು ನನ್ನ ಹಸಿರು ಶಾಯಿ ಕಂಡರೆ ಬೆವರುತ್ತಾರೆ. ಅಂಥವನಿಗೆ ಈ ಹುಡುಗ ಲೆಕ್ಕ ಹೇಳಿಕೊಡುತ್ತಿದ್ದಾನಲ್ಲ ಎಂದು ನಗು. ಆ ನಗುವಿನಲ್ಲಿ ವಿಸ್ಕಿಯ ಪಾಲೂ ಇತ್ತು ಎನ್ನುವುದು ಆಗ ಹೊಳೆಯಲಿಲ್ಲ.

ಶುಕ್ರವಾರ ರಾತ್ರಿ 11 ಗಂಟೆ ಮೀರಿತ್ತು. ನವರಂಗ್ ವೃತ್ತ ದಾಟಿ ಕಾರ್ಡ್ ರಸ್ತೆ ಹಿಡಿದು ವಿಜಯನಗರದ ಮನೆಗೆ ಹೊರಟಿದ್ದೆ. ಬ್ಯಾರಿಕೇಡ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಹಾವಿನ ನಡಿಗೆಯಂತೆ ಇಟ್ಟಿದ್ದರು. ತಿರುವು ಕಳೆದ ಮೇಲೇ ಕಾಣುವಂತೆ ಇಟ್ಟದ್ದರಲ್ಲಿ ಜಾಣತನವಿತ್ತು. ಕಂಡ ಮೇಲೆ ಹಿಂದಿರುಗಲು ಜಾಗವಿರಲಿಲ್ಲ. ಟಾರ್ಚ್ ಬೆಳಕು ಮುಖದ ಮೇಲೆ ಬಿತ್ತು. "ಪಕ್ಕಕ್ಕೆ ಹಾಕಿ ಸರ್."

ಮಲ್ಲೇಶ್ವರದ ಹೋಟೆಲೊಂದರಲ್ಲಿ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಊಟವಿತ್ತು. ಶಾಲು, ಫಲತಾಂಬೂಲ, ಭಾಷಣ ಎಲ್ಲ ಮಧ್ಯಾಹ್ನವೇ ಕಚೇರಿಯಲ್ಲಿ ಮುಗಿದಿದ್ದವು. ರಾತ್ರಿಯದು ಆಪ್ತರಿಗೆ ಮಾತ್ರ. 8.15ಕ್ಕೆ ಮೊದಲ ಲಾರ್ಜ್, 9ರ ಹೊತ್ತಿಗೆ ಎರಡನೆಯದು, ಹೊರಡುವ ಮುನ್ನ ನಿವೃತ್ತರಾದವರ ಕೈಯಿಂದಲೇ ಒಂದು ಸ್ಮಾಲ್, ಅಂದರೆ ಅರ್ಧ ಪೆಗ್. ನಡುವೆ ಶೇಂಗಾ, ಗೋಬಿ ಮಂಚೂರಿ, ಕೊನೆಗೆ ಮೊಸರನ್ನ, ಒಂದು ಬೀಡಾ. ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗ ಒಬ್ಬನೇ ಹೇಳಿದ: "ಸರ್, ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ನೇರ ವಿಜಯನಗರ. ಗಾಡಿ ಇಲ್ಲೇ ಇರಲಿ." ನಾಳೆ ಗಾಡಿ ತರಲು ಮತ್ತೆ ಯಾರು ಬರುತ್ತಾರೆ ಎಂದೆ. ಅಲ್ಲದೆ ನನ್ನ ಬಳಿ ಒಂದು ಲೆಕ್ಕವಿತ್ತು. ಒಂದು ಪೆಗ್ ಇಳಿಯಲು ಒಂದು ಗಂಟೆ. ಎರಡೂವರೆ ಪೆಗ್, ಹತ್ತಿರಹತ್ತಿರ ಮೂರು ಗಂಟೆ. ಬಾಕಿ ಶೂನ್ಯ. ಈ ಲೆಕ್ಕವನ್ನು ಯಾರಿಂದ ಕಲಿತೆನೋ ನೆನಪಿಲ್ಲ. ಗಂಡಸರ ಗುಂಪಿನಲ್ಲಿ ಇಂಥವು ತಾವಾಗಿಯೇ ಕೈಯಿಂದ ಕೈಗೆ ದಾಟುತ್ತವೆ.

ಊದಿದೆ. ಯಂತ್ರ 61 ಎಂದು ತೋರಿಸಿತು.

"ಕೆಮ್ಮಿನ ಔಷಧ ಕುಡಿದಿದ್ದೆ" ಎಂದೆ. ಬಾಯಿಂದ ತಾನಾಗಿ ಹೊರಟ ಸುಳ್ಳು. ಕಾನ್‌ಸ್ಟೆಬಲ್ ವಾದ ಮಾಡಲಿಲ್ಲ, ಕುರ್ಚಿಯಲ್ಲಿ ಕುಳಿತಿದ್ದ ಪಿಎಸ್‌ಐ ಕಡೆಗೆ ತಿರುಗಿದ. ಅವರು ಒಂದು ನೀರಿನ ಬಾಟಲಿ ಕೊಟ್ಟು, "ಬಾಯಿ ಮುಕ್ಕಳಿಸಿ. 15 ನಿಮಿಷ ಬಿಟ್ಟು ಮತ್ತೆ ಊದಿ. ಔಷಧವಾದರೆ ಅಷ್ಟರಲ್ಲಿ ಬಾಯಿಂದ ಹೋಗಿರುತ್ತದೆ" ಎಂದರು. ಬೈಯುತ್ತಾರೆ, ಗದರುತ್ತಾರೆ ಎಂದು ಸಿದ್ಧನಾಗಿದ್ದವನಿಗೆ ಈ ಸೌಜನ್ಯವೇ ಹೆಚ್ಚು ಕಷ್ಟವಾಯಿತು.

ಆ 15 ನಿಮಿಷ ಫುಟ್‌ಪಾತ್ ಮೇಲೆ ನಿಂತು ನೋಡಿದ್ದನ್ನು ಹೇಳಬೇಕು. ಪ್ರತಿಯೊಬ್ಬರಿಗೂ ಹೊಸ ಊದುಕೊಳವೆ ತೆಗೆದು ಸಿಕ್ಕಿಸುತ್ತಿದ್ದರು. ಹಿಂದೆ ಪೊಲೀಸರು ಬಾಯಿಯ ಹತ್ತಿರ ಮೂಗು ತಂದು "ಹಾ ಅನ್ನಿ" ಎನ್ನುತ್ತಿದ್ದ ಕಾಲ ಕೊರೊನಾದೊಂದಿಗೆ ಹೋಯಿತು. ಊಟ ತಲುಪಿಸುವ ಹುಡುಗನೊಬ್ಬ ಬಂದ, ಊದಿದ, ಸೊನ್ನೆ, ಹೋದ. ಬೆನ್ನಿನ ಚೀಲದಲ್ಲಿ ಯಾರದೋ ಬಿರಿಯಾನಿ ತಣ್ಣಗಾಗುತ್ತಿದ್ದ ಗಾಬರಿ ಅವನಿಗೆ. ಆಮೇಲೆ ಒಂದು ದೊಡ್ಡ ಕಾರು. ಅದರಿಂದ ಇಳಿದವರು ಊದುವುದೇ ಇಲ್ಲ ಎಂದು ನಿಂತರು. ನಾನು ಯಾರು ಗೊತ್ತೇ ಎಂಬಲ್ಲಿಂದ ಶುರುವಾಗಿ ನನ್ನ ಹಕ್ಕು ಎಂಬಲ್ಲಿಗೆ ಮಾತು ಬಂತು. ಪಿಎಸ್‌ಐ ಎದ್ದು ನಿಂತು, ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ದನಿಯಲ್ಲಿ ಹೇಳಿದರು: ಮೋಟಾರು ವಾಹನ ಕಾಯ್ದೆಯ 203ನೆಯ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಉಸಿರಿನ ಪರೀಕ್ಷೆ ಕೇಳಬಹುದು. ಒಪ್ಪದೆ ಹೋದರೆ, ಕುಡಿದಿದ್ದಾರೆ ಎಂಬ ಅನುಮಾನಕ್ಕೆ ಕಾರಣವಿದ್ದಾಗ, ವಾರಂಟ್ ಇಲ್ಲದೆ ಬಂಧಿಸಬಹುದು. ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಂದ ರಕ್ತದ ಮಾದರಿ ತೆಗೆಸಬಹುದು. ಅದಕ್ಕೂ ಒಪ್ಪದಿದ್ದರೆ ಆ ನಿರಾಕರಣೆಯೇ ನ್ಯಾಯಾಲಯದಲ್ಲಿ ಅವರ ವಿರುದ್ಧ ಮಾತನಾಡುತ್ತದೆ. ಕಾರಿನವರು ಮೂರು ಫೋನ್ ಕರೆ ಮಾಡಿ ಕೊನೆಗೆ ಊದಿದರು. ಸಂಖ್ಯೆ ನನಗೆ ಕಾಣಲಿಲ್ಲ; ಅವರು ಕಾರಿಗೆ ಒರಗಿ ಕಣ್ಣು ಮುಚ್ಚಿದ್ದು ಕಂಡಿತು.

ನನ್ನ ಸರದಿ ಬಂತು. ಎದೆಯಾಳದಿಂದ ಗಾಳಿ ಬರಬೇಕಂತೆ, ಅದಕ್ಕೇ ಅಷ್ಟು ಹೊತ್ತು ಊದಿಸುವುದು. ಶ್ವಾಸಕೋಶದ ತಳದಲ್ಲಿ ರಕ್ತಕ್ಕೂ ಗಾಳಿಗೂ ಕೊಡುಕೊಳ್ಳುವ ವ್ಯವಹಾರ ನಡೆಯುವ ಕಡೆಯಿಂದ ಬಂದ ಉಸಿರಿನಲ್ಲಿ, 2100 ಮಿಲಿಲೀಟರಿಗೆ ಎಷ್ಟು ಮದ್ಯಸಾರವೋ ಒಂದು ಮಿಲಿಲೀಟರ್ ರಕ್ತದಲ್ಲಿ ಅಷ್ಟು ಎಂದು ಯಂತ್ರ ಹಿಡಿಯುತ್ತದೆ. ಬೀಡಾ, ಏಲಕ್ಕಿ, ಲವಂಗ ಎಲ್ಲ ಮೂಗಿಗೆ ಮಂಕುಬೂದಿ ಎರಚುವ ವಸ್ತುಗಳು. ಯಂತ್ರಕ್ಕೆ ಮೂಗೇ ಇಲ್ಲ. ಒಳಗಿನ ಲೋಹದ ತಗಡಿನ ಮೇಲೆ ಮದ್ಯಸಾರ ಕೂತರೆ ಅಷ್ಟಕ್ಕೆ ತಕ್ಕಷ್ಟು ವಿದ್ಯುತ್ ಹುಟ್ಟುತ್ತದೆ. ಅದನ್ನು ಅಳೆಯುತ್ತದೆ, ಅಷ್ಟೆ.

58.

ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಗಿರಗಿರ ಸದ್ದು ಮಾಡಿ ಪುಟ್ಟ ಮುದ್ರಣಯಂತ್ರದಿಂದ ಚೀಟಿ ಹೊರಬಂತು. ದಿನಾಂಕ, ಸಮಯ, ಗಾಡಿ ಸಂಖ್ಯೆ, 58. ಅದರ ಕೆಳಗೆ ಸಹಿ ಹಾಕಿ ಎಂದರು. ಸಾವಿರಾರು ವೋಚರ್‌ಗಳಿಗೆ ಸಹಿ ಹಾಕಿಸಿದವನ ಕೈ ನಡುಗಿ ಸಹಿ ಬೇರೆ ಯಾರದೋ ಆಗಿ ಕಂಡಿತು.

ಇನ್ನು ನಾಚಿಕೆಯ ಭಾಗ. ಭಾವಮೈದುನನಿಗೆ ಫೋನ್ ಮಾಡಿದೆ, ಅವನಿಗೆ ಒಬ್ಬ ಎಸಿಪಿ ಪರಿಚಯ. ಎತ್ತಲಿಲ್ಲ. ಆಮೇಲೆ ಪಿಎಸ್‌ಐ ಹತ್ತಿರ ಹೋಗಿ ದನಿ ತಗ್ಗಿಸಿ, "ಇಲ್ಲೇ ಏನಾದರೂ ಮುಗಿಸುವುದಕ್ಕೆ ಆಗುತ್ತದೆಯೇ" ಎಂದೆ. ಅವರು ಎದೆಯ ಮೇಲಿದ್ದ ಪುಟ್ಟ ಕ್ಯಾಮೆರಾವನ್ನು ಬೆರಳಿನಿಂದ ತಟ್ಟಿ, "ಸರ್, ಇದು ಆನ್ ಆಗಿದೆ" ಎಂದರು. ಅಷ್ಟೇ. ಹಳ್ಳಿಯ ಸಂಘವೊಂದರಲ್ಲಿ 340 ರೂಪಾಯಿಯ ಚಹಾ ಖರ್ಚಿಗೆ ರಸೀದಿ ಇಲ್ಲವೆಂದು ಆಕ್ಷೇಪಣೆ ಬರೆದು ಬಂದು ಆಗ ಒಂದು ವಾರವೂ ಆಗಿರಲಿಲ್ಲ.

"ಇದು ಡಿಡಿ ಕೇಸ್ ಸರ್. ನಾವು ಇಲ್ಲಿ ದಂಡ ಕಟ್ಟಿಸಿಕೊಳ್ಳುವಂತೆಯೇ ಇಲ್ಲ" ಎಂದು ಕಾನ್‌ಸ್ಟೆಬಲ್ ವಿವರಿಸಿದ. ಡಿಡಿ ಎಂದರೆ ನನಗೆ ಗೊತ್ತಿದ್ದದ್ದು ಡಿಮ್ಯಾಂಡ್ ಡ್ರಾಫ್ಟ್. ಇವರದು ಡ್ರಂಕ್ ಡ್ರೈವಿಂಗ್. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು ರಸ್ತೆಯಲ್ಲೇ ರಸೀದಿ ಹರಿದರೆ ಮುಗಿಯುತ್ತದೆ. ರಾಜಿಗೆ ಒಳಪಡುವ ಅಪರಾಧಗಳು ಅವು. ಕುಡಿದು ಓಡಿಸಿದ್ದು 185ನೆಯ ಸೆಕ್ಷನ್, ರಾಜಿಯ ಪಟ್ಟಿಯಲ್ಲಿ ಇಲ್ಲ, ನ್ಯಾಯಾಲಯಕ್ಕೇ ಹೋಗಬೇಕು. 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡಗಳು ಬಂದಾಗ ಜನ ಗೊಣಗಿದರೆಂದು ರಾಜ್ಯ ಸರ್ಕಾರ ಹಲವನ್ನು ಇಳಿಸಿತ್ತಲ್ಲ, ರಾಜಿಯ ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೇ ಇದನ್ನು ಇಳಿಸಲು ಆಗಲಿಲ್ಲ. ಮೊದಲು 2,000 ಇದ್ದದ್ದು ಆಗ 10,000 ಆಯಿತು.

ಲೈಸೆನ್ಸ್ ತೆಗೆದುಕೊಂಡರು, ಸ್ವೀಕೃತಿ ಕೊಟ್ಟರು. ಬೀಗದ ಕೈ ತೆಗೆದುಕೊಂಡರು. ಡಿಕ್ಕಿಯಲ್ಲಿದ್ದ ಊಟದ ಡಬ್ಬಿಯನ್ನು ನನಗೇ ಮರಳಿಸಿದರು. ಹೆಲ್ಮೆಟ್ ಒಂದು ಕೈಯಲ್ಲಿ, ಖಾಲಿ ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಆಟೋಗೆ ಕಾಯುವ 49 ವರ್ಷದ ಗಂಡಸು ಹೇಗೆ ಕಾಣುತ್ತಾನೆಂದು ನೀವೇ ಊಹಿಸಿಕೊಳ್ಳಿ. ಆಟೋದವನು ಕೇಳಿದ್ದೆಲ್ಲ ಕೊಟ್ಟೆ.

"ಗಾಡಿ ಎಲ್ಲಿ?" ಎಂದಳು ಹೆಂಡತಿ ಬಾಗಿಲು ತೆಗೆದು. ಕೆಟ್ಟು ನಿಂತಿತು ಎಂದೆ. ಸುಳ್ಳು ಬೆಳಿಗ್ಗೆ 8ರವರೆಗೆ ಬಾಳಿತು. ವಾಷಿಂಗ್ ಮಷಿನ್‌ಗೆ ಹಾಕುವ ಮುನ್ನ ಜೇಬು ತಡಕುವುದು ಅವಳ ಅಭ್ಯಾಸ. ಚೀಟಿ ಹಿಡಿದು ಅಡುಗೆಮನೆಗೆ ಬಂದು ನನ್ನ ಮುಂದೆ ಇಟ್ಟಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು.

"ನಮ್ಮಲ್ಲಿ ಇಷ್ಟು ವರ್ಷ 35 ಬಂದರೆ ಪಾಸು. ನಿಮ್ಮಲ್ಲಿ 30 ದಾಟಿದರೆ ಫೇಲು. 58 ಹೇಗೆ ಬಂತು?"

ಕೂಗಾಡಿದ್ದರೆ ನಿಭಾಯಿಸಬಹುದಿತ್ತು. ಅವಳು ಮಗಳ ರಫ್ ನೋಟ್‌ಬುಕ್ ತಂದು ಎದುರಿಗೆ ಕುಳಿತಳು. ನನ್ನ ಪೆಗ್ ಲೆಕ್ಕ ಹೇಳಿದೆ. "ಗಂಟೆಗೆ ಒಂದು ಎಂದು ಯಾರು ಹೇಳಿದ್ದು? ಎಷ್ಟು ದೊಡ್ಡ ಒಂದು?" ಎಂದಳು. ಬಾಟಲಿಯ ಮೇಲೆ 42.8 ಶೇಕಡಾ ಎಂದು ಬರೆದಿರುತ್ತದೆ. ಒಂದು ಲಾರ್ಜ್ ಎಂದರೆ 60 ಮಿಲಿ. ಅದರಲ್ಲಿ ಮದ್ಯಸಾರ ಸುಮಾರು 25.7 ಮಿಲಿ, ತೂಕದಲ್ಲಿ 20 ಗ್ರಾಂ. ಎರಡೂವರೆಗೆ 50 ಗ್ರಾಂ. ನನ್ನ ತೂಕ 72 ಕಿಲೋ, ಮದ್ಯಸಾರ ಹರಡಿಕೊಳ್ಳುವುದು ಗಂಡಸರಲ್ಲಿ ಅದರ ಮೂರನೆಯ ಎರಡು ಭಾಗದಷ್ಟರಲ್ಲಿ. ಭಾಗಿಸಿದರೆ 100 ಮಿಲಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಆಸುಪಾಸು. ದೇಹ ಗಂಟೆಗೆ ಕಳೆಯುವುದು ಸುಮಾರು 15. ಮೂರು ಗಂಟೆಗೆ 45 ಕಳೆಯಿರಿ. ಒಬ್ಬೊಬ್ಬರಿಗೆ ಇದು ಏರುಪೇರಾಗುತ್ತದೆ, ಊಟ ಮಾಡಿದ್ದರೆ ಒಂದು, ಬರಿ ಹೊಟ್ಟೆಯಾದರೆ ಇನ್ನೊಂದು. ಆದರೂ ಅವಳ ಪೆನ್ಸಿಲ್ ಬಂದು ನಿಂತದ್ದು ಯಂತ್ರದ ಪಕ್ಕದಲ್ಲೇ. ಬಾಕಿ ಶೂನ್ಯ ಎಂದುಕೊಂಡಿದ್ದ ಖಾತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಅದಕ್ಕಿಂತ ಚುಚ್ಚಿದ್ದು ಮುಂದಿನ ಸಾಲು. ಒಂದೇ ಲಾರ್ಜ್ ಬರಿ ಹೊಟ್ಟೆಯಲ್ಲಿ ಕುಡಿದರೂ ನನ್ನಂಥ ಮೈಕಟ್ಟಿನವನು 40ಕ್ಕೆ ಹೋಗಬಹುದು. ಅಂದರೆ ವರ್ಷಗಟ್ಟಲೆ "ಒಂದೇ ತಾನೆ" ಎಂದು ಗಾಡಿ ಹತ್ತಿದ ರಾತ್ರಿಗಳೆಲ್ಲ ಆಕ್ಷೇಪಣೆಗೆ ಅರ್ಹ. ಹೆಂಡತಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನೋಟ್‌ಬುಕ್ ಮುಚ್ಚಿ, "ದೋಸೆ ಹಾಕಲೇ?" ಎಂದಳು.

ಎಂಟನೆಯ ದಿನ ನ್ಯಾಯಾಲಯ. ಬಾಗಿಲಲ್ಲೇ ಒಬ್ಬಾತ ಅಡ್ಡಬಂದು, "1,500 ಕೊಡಿ, ದಂಡ ಅರ್ಧ ಮಾಡಿಸುತ್ತೇನೆ" ಎಂದ. ಕರಿಕೋಟು ಇರಲಿಲ್ಲ, ಕಂಕುಳಲ್ಲಿ ಫೈಲುಗಳಿದ್ದವು. ಕ್ಯಾಮೆರಾ ನೆನಪಾಗಿ ಮುಂದೆ ನಡೆದೆ. ಒಳಗೆ ಅದೇ ಸೆಕ್ಷನ್ನಿನ ಜನ ಸಾಲಾಗಿ ಗೋಡೆಗೆ ಒರಗಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಚರ್ಮರೋಗದ ವೈದ್ಯರ ಬಳಿ ಕಾಯುವವರ ಹಾಗೆ.

ನನ್ನ ಮುಂದಿದ್ದ ಯುವಕ ಮ್ಯಾಜಿಸ್ಟ್ರೇಟರಿಗೆ, "ಮೇಡಂ, ಬರಿ ಒಂದು ಬಿಯರ್" ಎಂದ. ಸ್ಟ್ರಾಂಗ್ ಬಿಯರಿನ 650 ಮಿಲಿಯ ಒಂದು ಬಾಟಲಿಯಲ್ಲಿ ಒಂದೂವರೆ ಲಾರ್ಜ್ ವಿಸ್ಕಿಗಿಂತ ಹೆಚ್ಚು ಮದ್ಯಸಾರ ಇರುತ್ತದೆಂದು ಆ ವೇಳೆಗೆ ನನಗೆ ಗೊತ್ತಾಗಿತ್ತು. ರಫ್ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಅದನ್ನೂ ಹೆಂಡತಿ ಮಾಡಿಟ್ಟಿದ್ದಳು. ನನ್ನ ಹೆಸರು ಕೂಗಿದರು. ಆರೋಪ ಓದಿ, ಒಪ್ಪುತ್ತೀರಾ ಎಂದು ಕೇಳಿದರು. ಒಪ್ಪುತ್ತೇನೆ ಎಂದೆ. ಉದ್ಯೋಗ? ಲೆಕ್ಕಪರಿಶೋಧಕ. ಅವರು ಒಂದು ಕ್ಷಣ ತಲೆ ಎತ್ತಿದರು, ಮತ್ತೆ ಬರೆದರು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000ದವರೆಗೆ ದಂಡ ಅಥವಾ ಎರಡೂ. ಇನ್ನೊಮ್ಮೆ ಬಂದರೆ ಎರಡು ವರ್ಷದವರೆಗೆ ಸೆರೆ, 15,000 ದಂಡ, ನೆನಪಿರಲಿ ಎಂದರು. ನನಗೆ 10,000 ಬಿತ್ತು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ಅರ್ಧ ದಿನದ ರಜೆ ಹಾಕಿದ್ದೆ.

ದಂಡ ಕಟ್ಟುವ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಸರಕು ಸಾಗಿಸುವ ಪುಟ್ಟ ಟೆಂಪೋದ ಚಾಲಕನಿದ್ದ. ನೋಟುಗಳನ್ನು ಮೂರು ಸಲ ಎಣಿಸಿದ. ಹೆಂಡತಿಯ ಓಲೆ ಅಡವಿಟ್ಟು ತಂದದ್ದೆಂದು ತಾನಾಗಿಯೇ ಹೇಳಿದ, ನಾನೇನೂ ಕೇಳಿರಲಿಲ್ಲ. ಗಾಡಿ ಬಾಡಿಗೆಯದು, ಎಂಟು ದಿನ ಠಾಣೆಯಲ್ಲಿ ನಿಂತದ್ದಕ್ಕೂ ಮಾಲೀಕನಿಗೆ ದಿನದ ಬಾಡಿಗೆ ಕೊಡಬೇಕು. ಲೈಸೆನ್ಸ್ ಅಮಾನತಾದರೆ ಕೂಲಿಗೆ ಹೋಗುತ್ತೇನೆ ಎಂದ. ಅವನ ಚೀಟಿಯಲ್ಲಿ 44 ಇತ್ತು, ನನ್ನದರಲ್ಲಿ 58. ಇಬ್ಬರದೂ ಅದೇ 10,000. ನನಗೆ ಅದು ಒಂದು ಹಬ್ಬದ ಖರ್ಚು, ಅವನಿಗೆ ಹೆಂಡತಿಯ ಕಿವಿ. ಕಾನೂನು ಸಡಿಲವಾಗಲಿ ಎಂದು ನಾನು ಹೇಳಲಾರೆ, ಸರಕು ತುಂಬಿದ ಟೆಂಪೋ ನನ್ನ ಸ್ಕೂಟರಿಗಿಂತ ಹೆಚ್ಚು ಜನರನ್ನು ಕೊಲ್ಲಬಲ್ಲದು. ಆದರೆ ಎಲ್ಲರಿಗೂ ಒಂದೇ ಮೊತ್ತ ಎನ್ನುವುದು ಸಮಾನತೆ ಎಂದು ನನ್ನ ವೃತ್ತಿಯಲ್ಲಿ ಯಾರೂ ಬರೆಯುವುದಿಲ್ಲ. ನಾವು ಶೇಕಡಾವಾರು ನೋಡುತ್ತೇವೆ.

ರಸೀದಿ ಹಿಡಿದು ಠಾಣೆಗೆ ಹೋದೆ. ಮಳೆಮರದ ಕೆಳಗೆ ಸ್ಕೂಟರ್ ನಿಂತಿತ್ತು, ಸೀಟಿನ ಮೇಲೆ ಒಣಗಿದ ಎಲೆ, ಹಕ್ಕಿಯ ಹಿಕ್ಕೆ. ಪುಸ್ತಕದಲ್ಲಿ ಬರೆಸಿಕೊಂಡು ಬೀಗದ ಕೈ ಕೊಟ್ಟರು. ಕೈಗೆ ಬಂದ ಮೇಲೆ ತಿಳಿಯಿತು: ಗಾಡಿ ಇದೆ, ಓಡಿಸುವಂತಿಲ್ಲ. ಲೈಸೆನ್ಸ್ ಆರ್‌ಟಿಒಗೆ ಹೋಗಿಯಾಗಿತ್ತು. ಹೆಂಡತಿಗೆ ಫೋನ್ ಮಾಡಿದೆ. ಶಾಲೆ ಬಿಟ್ಟ ಮೇಲೆ ಬಂದಳು, ತನ್ನ ಹೆಲ್ಮೆಟ್ ತಂದಿದ್ದಳು. ಮದುವೆಯಾಗಿ 21 ವರ್ಷಗಳಲ್ಲಿ ಅವಳ ಹಿಂದೆ ಕುಳಿತದ್ದು ಅದೇ ಮೊದಲು. ಅವಳು ಪ್ರತಿ ಸಿಗ್ನಲ್‌ನಲ್ಲೂ ಬಿಳಿ ಗೆರೆಗಿಂತ ಹಿಂದೆ ನಿಲ್ಲಿಸುತ್ತಿದ್ದಳು. ಹಿಂದಿನವರು ಹಾರ್ನ್ ಹೊಡೆದರೂ ಕದಲುತ್ತಿರಲಿಲ್ಲ.

ಆರ್‌ಟಿಒದಿಂದ ನೋಟಿಸು ಬಂತು: ನಿಮ್ಮ ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು, ಕಾರಣ ತಿಳಿಸಿ. ಕಾರಣ ಯಾವುದೂ ಇರಲಿಲ್ಲ, ಹಾಗೆಂದೇ ಬರೆದೆ. ಮೂರು ತಿಂಗಳು. ಇದು ಅಧಿಕಾರಿಯ ಮರ್ಜಿಯಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಕನಿಷ್ಠ ಮೂರು ತಿಂಗಳ ಅಮಾನತು ಮಾಡಿ ಎಂದು ರಾಜ್ಯಗಳಿಗೆ ಹೇಳಿತ್ತು. 2019ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ತಂದಿತು. ಎರಡನೆಯ ಸಲವಾದರೆ ಲೈಸೆನ್ಸ್ ರದ್ದೇ.

ದಂಡ ಎರಡು ನಿಮಿಷದ್ದು, ಈ ಮೂರು ತಿಂಗಳು ನಿಜವಾದದ್ದು. ನನ್ನ ಸಂಘಗಳೆಲ್ಲ ಮಾಗಡಿ, ನೆಲಮಂಗಲದ ಆಚೆ. ಬಸ್ಸಿನಿಂದ ಇಳಿದು ಡೇರಿಯವರೆಗೆ ಎರಡು ಕಿಲೋಮೀಟರ್ ನಡೆದು ಬರುವ ಲೆಕ್ಕಪರಿಶೋಧಕನಿಗೆ ಯಾರೂ ಹೆದರುವುದಿಲ್ಲ. ಮೊದಲು ನೀರು ಕೊಡುತ್ತಾರೆ. "ಗಾಡಿ ಏನಾಯಿತು ಸಾರ್?" ಎಂದು ಕೇಳಿದವರಿಗೆಲ್ಲ ಬೆನ್ನುನೋವು ಎಂದೆ. ಒಬ್ಬ ಕಾರ್ಯದರ್ಶಿ ಮುಂದಿನ ಭೇಟಿಗೆ ತನ್ನ ತಾಯಿ ಕಾಸಿದ ಎಣ್ಣೆಯ ಸೀಸೆ ತಂದುಕೊಟ್ಟ, ಯಾವ ಹೊತ್ತಿನಲ್ಲಿ ಹೇಗೆ ತಿಕ್ಕಬೇಕೆಂದು ಹೇಳಿದ. ಸೀಸೆ ಈಗಲೂ ಕಪಾಟಿನಲ್ಲಿದೆ. ಮೆಟ್ರೋ ಹತ್ತಿ ಎಂದಿದ್ದ ಹುಡುಗನಿಗೆ ಮಾತ್ರ ನಿಜ ಹೇಳಿದೆ. ಅವನು ನಗಲಿಲ್ಲ. ಅವನ ಅಣ್ಣ ನಾಲ್ಕು ವರ್ಷಗಳ ಹಿಂದೆ ಇಂಥದ್ದೇ ರಾತ್ರಿ ವಿಭಜಕಕ್ಕೆ ಹೊಡೆದನಂತೆ. ಕುಡಿದಿದ್ದ ಎಂದು ಆಸ್ಪತ್ರೆಯ ಕಾಗದದಲ್ಲಿ ಬಂದದ್ದರಿಂದ ಗಾಡಿಯ ವಿಮೆಯೂ ಸಿಗಲಿಲ್ಲವಂತೆ. ಅಣ್ಣ ಈಗ ಹೇಗಿದ್ದಾನೆ ಎಂದು ಕೇಳಿದೆ. ಕೋಲು ಹಿಡಿದು ನಡೆಯುತ್ತಾನೆ ಸರ್ ಎಂದ.

ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ 7ರ ಹೊತ್ತಿಗೆ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದಾಗ, ಸಂಚಾರ ಪೊಲೀಸರು ಶಾಲಾ ವಾಹನಗಳನ್ನು ನಿಲ್ಲಿಸಿ ಚಾಲಕರಿಂದ ಊದಿಸುತ್ತಿದ್ದರು. ಒಬ್ಬನನ್ನು ಕೆಳಗಿಳಿಸಿದ್ದರು. "ಕುಡಿದದ್ದು ನಿನ್ನೆ ರಾತ್ರಿ ಸರ್, ಮಲಗಿ ಎದ್ದಿದ್ದೇನೆ, ಸ್ನಾನ ಮಾಡಿದ್ದೇನೆ, ವಿಭೂತಿ ನೋಡಿ" ಎನ್ನುತ್ತಿದ್ದ. ವಿಭೂತಿ ನಿಜಕ್ಕೂ ಹೊಳೆಯುತ್ತಿತ್ತು. ಕಾಲು ತಾನಾಗಿ ನಿಂತಿತು, ತಲೆ ಲೆಕ್ಕ ಹಾಕತೊಡಗಿತು: 60 ಕಿಲೋ ತೂಕದ ಆಳು, ರಾತ್ರಿ 11ಕ್ಕೆ ಒಂದು ಕ್ವಾರ್ಟರ್, ಅಂದರೆ ಮೂರು ಲಾರ್ಜ್, ಮುಗಿಸಿದ್ದರೆ 150ರ ಹತ್ತಿರ, ಎಂಟು ಗಂಟೆಗೆ 120 ಕಳೆದರೆ ಬೆಳಿಗ್ಗೆ 7ಕ್ಕೆ ಸರಿಯಾಗಿ 30ರ ಅಂಚು. ಅರ್ಧ ಪೆಗ್ ಹೆಚ್ಚು ಕುಡಿದಿದ್ದರೆ ಅಂಚಿನ ಆಚೆ. ನಿದ್ದೆಯಾಗಲಿ, ತಣ್ಣೀರಿನ ಸ್ನಾನವಾಗಲಿ, ಗಟ್ಟಿ ಕಾಫಿಯಾಗಲಿ ಆ ಗಂಟೆಗೆ 15ನ್ನು 16 ಮಾಡುವುದಿಲ್ಲ. ವ್ಯಾನಿನ ಕಿಟಕಿಯಲ್ಲಿ ಒಂದು ಪುಟ್ಟ ಹುಡುಗಿ ನೀರಿನ ಬಾಟಲಿಯ ಮುಚ್ಚಳ ಕಚ್ಚುತ್ತಾ ಪೊಲೀಸರ ಯಂತ್ರವನ್ನೇ ನೋಡುತ್ತಿದ್ದಳು. ಕಾನ್‌ಸ್ಟೆಬಲ್ ಒಬ್ಬರು ಚಾಲಕನ ಜಾಗದಲ್ಲಿ ಕುಳಿತು ಮಕ್ಕಳನ್ನು ಶಾಲೆಗೆ ಬಿಟ್ಟುಬರಲು ಹೊರಟರು.

ಲೈಸೆನ್ಸ್ ಮರಳಿ ಬಂದು ಐದು ತಿಂಗಳಾಯಿತು. ಮೊನ್ನೆ ಸ್ಕೂಟರಿನ ವಿಮೆ ನವೀಕರಿಸಲು ಫೈಲು ತೆಗೆದಾಗ ಆ ಚೀಟಿ ಸಿಕ್ಕಿತು. ಹೆಂಡತಿ ಅದನ್ನು ಪಾಲಿಸಿಯ ಹಿಂದೆಯೇ ಪಿನ್ ಮಾಡಿಟ್ಟಿದ್ದಾಳೆ. ಇಂಥ ಬಿಸಿ ಅಚ್ಚಿನ ಬಿಲ್ಲುಗಳು ಮಾಸುತ್ತವೆ, ಜೆರಾಕ್ಸ್ ಮಾಡಿಸಿ ಲಗತ್ತಿಸಿ ಎಂದು ಪ್ರತಿ ಸಂಘಕ್ಕೂ ಬರೆದು ಬರುವವನು ನನ್ನದಕ್ಕೆ ಮಾಡಿಸಿರಲಿಲ್ಲ. ದಿನಾಂಕ ಹೋಗಿದೆ, ಗಾಡಿ ಸಂಖ್ಯೆ ಹೋಗಿದೆ, 58 ಇದ್ದ ಜಾಗ ಬಿಳಿ. ನಡುಗಿದ ಕೈಯ ಸಹಿ ಮಾತ್ರ ಪೆನ್ನಿನದು, ಹಾಗೇ ಇದೆ.